ಆರನೇ ಡಬ್ಬ

ಮಾರ್ಚ್ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಏಳೂವರೆಗೆ ಗೇಟು ಕಿರ್ ಅಂದಿತು. ಆ ಹೊತ್ತಿಗೆ ನಮ್ಮ ಮನೆಗೆ ಬರುವವರು ಇಬ್ಬರೇ. ಹಾಲಿನವನು, ಇಲ್ಲಾ ಡಬ್ಬದಕ್ಕ. ಹಾಲಿನವನು ಆಗಲೇ ಬಂದು ಹೋಗಿದ್ದ.

ಡಬ್ಬದಕ್ಕ ಅನ್ನೋದು ನಮ್ಮ ಮನೆಯೊಳಗೆ ಮಾತ್ರ ನಡೆಯುವ ಹೆಸರು. ದಾವಣಗೆರೆ ವಿದ್ಯಾನಗರದಲ್ಲಿ ನಮ್ಮಿಂದ ಎರಡು ಬೀದಿ ಆಚೆ ಅವರ ಮನೆ. ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಗಂಡನ ಅಂಗಡಿ ಮುಚ್ಚಿದ ಮೇಲೆ, ಹಾಲಿಗೆ ಹಾಕಿ ಕುಡಿಯುವ ಈ ಪ್ರೊಟೀನ್ ಪೌಡರ್ ಡಬ್ಬ ಮಾರಿಕೊಂಡೇ ಮಗಳನ್ನು ಓದಿಸುತ್ತಿದ್ದಾರೆ.

"ಟೀಚರ್, ಈ ತಿಂಗಳದ್ದು ತಂದೀನ್ರಿ. ಇಡ್ಲಾ?"

"ನಾಳೆ ಹೇಳ್ತೀನಿ ಅಕ್ಕಾ" ಅಂದೆ.

ಆ ನಾಳೆ ಬರೋಕೆ ಏಳು ವಾರ ಹಿಡಿಯಿತು.

ಶುರುವಾಗಿದ್ದು ಅದರ ಹಿಂದಿನ ನವೆಂಬರ್‌ನಲ್ಲಿ, ಕುಂದವಾಡ ಕೆರೆ ಏರಿಯ ಮೇಲೆ. ಲ್ಯಾಬಿನಲ್ಲಿ ನನ್ನ ಮೂರು ತಿಂಗಳ ಸಕ್ಕರೆ ಸರಾಸರಿ, ಅದೇ ಎಚ್‌ಬಿಎ1ಸಿ, 6.1 ಬಂದಿತ್ತು. 5.7ರಿಂದ 6.4ರವರೆಗೆ ಇದ್ದರೆ ಇನ್ನೂ ಸಕ್ಕರೆ ಕಾಯಿಲೆ ಅಲ್ಲ, ಆದರೆ ಬಾಗಿಲಲ್ಲಿ ನಿಂತಿದೆ ಅಂತ ಲೆಕ್ಕ. ವಾಕಿಂಗ್ ಮಾಡಿ ಅಂದರು ಡಾಕ್ಟರು. ಹೋದೆ. ಮೂರನೇ ದಿನವೇ ಕೆರೆ ಹತ್ತಿರ ಒಂದು ಟೇಬಲ್ಲು, ಅದರ ಮೇಲೆ ತೂಕದ ಯಂತ್ರ, ಪಕ್ಕದಲ್ಲಿ ನಗುತ್ತಾ ನಿಂತ ನಾಲ್ಕು ಜನ ಕಂಡರು. "ಫ್ರೀ ಚೆಕಪ್ ಮೇಡಂ, ಬರ್ರಿ." ಬರಿಗಾಲಲ್ಲಿ ಹತ್ತಿ ನಿಂತೆ. ಯಂತ್ರ ನನ್ನ ದೇಹದ ವಯಸ್ಸು 61 ಅಂದಿತು. ನನಗೆ 48.

ಆ ಯಂತ್ರ ಅಂಗಾಲಿನಿಂದ ಸಣ್ಣ ಕರೆಂಟು ಹರಿಸಿ ಮೈಯಲ್ಲಿ ಕೊಬ್ಬೆಷ್ಟು ಅಂತ ಅಂದಾಜು ಮಾಡುತ್ತದೆ. ನೀರು ಕುಡಿದು ನಿಂತರೆ ಒಂದು ಲೆಕ್ಕ, ಬೆವರಿ ಬಂದು ನಿಂತರೆ ಇನ್ನೊಂದು. ಇದು ನನಗೆ ತಿಳಿದಿದ್ದು ಆಮೇಲೆ. ಅವತ್ತು ತಲೆಯಲ್ಲಿ ಇದ್ದಿದ್ದು 61 ಒಂದೇ. ಆ ನಾಲ್ವರಲ್ಲಿ ಡಬ್ಬದಕ್ಕನೂ ಇದ್ದರು. ನಮ್ಮ ಬಡಾವಣೆಯವರು ಅಂತ ಗೊತ್ತಾದ ಮೇಲೆ ಇಬ್ಬರಿಗೂ ಮಾತು ಸಲೀಸಾಯಿತು. ಡಿಸೆಂಬರ್ ಒಂದಕ್ಕೆ ಮೊದಲ ಡಬ್ಬ ಮನೆಗೆ ಬಂತು. 500 ಗ್ರಾಂ, 1,650 ರೂಪಾಯಿ.

ಡಬ್ಬದ ಮುಂದೆ ಒಂಬತ್ತು ಧಾನ್ಯದ ಚಿತ್ರ. ರಾಗಿ ತೆನೆ ದೊಡ್ಡದಾಗಿ, ಹಿಂದೆ ನವಣೆ, ಸಜ್ಜೆ. ಒಂದು ಲೋಟಕ್ಕೆ 11 ಗ್ರಾಂ ಪ್ರೊಟೀನ್ ಅಂತ ಚಿನ್ನದ ಬಣ್ಣದ ಅಕ್ಷರ. ದಿನಾ ಬೆಳಿಗ್ಗೆ ಎಂಟಕ್ಕೆ ಒಂದು ಚಮಚೆ, ಅಂದರೆ ಅವರೇ ಕೊಡುವ 25 ಗ್ರಾಂ ಅಳತೆಯ ಚಮಚೆ, 200 ಮಿ.ಲೀ. ಹಾಲಿಗೆ ಹಾಕಿ ಕುಡಿಯುವುದು. ಏಲಕ್ಕಿ ವಾಸನೆ. ರುಚಿ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ.

ಪರಿಣಾಮವೂ ಕಂಡಿತು. ಫೆಬ್ರವರಿ ಕೊನೆಗೆ ಐದನೇ ಡಬ್ಬದ ತಳ ಕಾಣುತ್ತಿತ್ತು. ತೂಕ 68ರಿಂದ 66ಕ್ಕೆ ಇಳಿದಿತ್ತು. ಎಚ್‌ಬಿಎ1ಸಿ 5.8. ಮಧ್ಯಾಹ್ನದ ಕೊನೆಯ ಪೀರಿಯಡ್‌ನಲ್ಲಿ ಕುರ್ಚಿ ಹುಡುಕುವುದು ನಿಂತಿತ್ತು. ಹಾಗಾದರೆ ಆರನೇ ಡಬ್ಬ ತಗೊಳ್ಳೋಕೆ ಯಾಕೆ ಹಿಂದೆಮುಂದೆ ನೋಡಿದೆ?

ಕಾರಣ ಡಾಕ್ಟರ್ ಕೇಳಿದ ಒಂದು ಪ್ರಶ್ನೆ. ರಿಪೋರ್ಟ್ ನೋಡಿ, "ಚೆನ್ನಾಗಿದೆಯಲ್ಲ, ಏನು ಬದಲಾಯಿಸಿದ್ರಿ?" ಅಂದರು. ಪೌಡರ್ ಅಂದೆ. "ಅದೊಂದೇನಾ?"

ಅದೊಂದೇ ಅಲ್ಲ. ದಿನಾ ನಲವತ್ತು ನಿಮಿಷ ನಡೆಯುತ್ತಿದ್ದೆ. ಇನ್ನೊಂದು ಇದೆ, ಅದನ್ನು ಹೇಳಲು ಸ್ವಲ್ಪ ನಾಚಿಕೆ. ನಾನು ಪ್ರೌಢಶಾಲೆಯಲ್ಲಿ ಗಣಿತ ಟೀಚರ್. ಇಪ್ಪತ್ತು ವರ್ಷದಿಂದ ಬೆಳಿಗ್ಗೆ ಎಲ್ಲರಿಗೂ ಡಬ್ಬಿ ಕಟ್ಟಿ, ನಾನು ಬರೀ ಟೀ ಕುಡಿದು ಓಡುತ್ತಿದ್ದೆ. ಹನ್ನೊಂದರ ಬಿಡುವಿನಲ್ಲಿ ಸ್ಟಾಫ್ ರೂಮಿಗೆ ಮಂಡಕ್ಕಿ, ಮಿರ್ಚಿ ಬರುತ್ತದೆ. ದಾವಣಗೆರೆಯಲ್ಲಿ ಇದ್ದು ಮಿರ್ಚಿ ಬೇಡ ಅನ್ನುವವರನ್ನು ನಾನು ಇನ್ನೂ ನೋಡಿಲ್ಲ. ಖಾಲಿ ಹೊಟ್ಟೆಗೆ ಮೂರು ಮಿರ್ಚಿ, ಒಂದು ಬೊಗಸೆ ಮಂಡಕ್ಕಿ, ಮೇಲೆ ಸಕ್ಕರೆ ಟೀ. ಎಂಟಕ್ಕೆ ಒಂದು ಲೋಟ ಏನಾದರೂ ಹೊಟ್ಟೆಗೆ ಬಿದ್ದ ದಿನದಿಂದ ಹನ್ನೊಂದಕ್ಕೆ ಆ ಹಸಿವೇ ಇರಲಿಲ್ಲ. ಮಿರ್ಚಿ ಒಂದಕ್ಕೆ ಇಳಿಯಿತು. ಕೆಲವು ದಿನ ಅದೂ ಇಲ್ಲ.

ಹಾಗಾದರೆ ಗುಣ ಮಾಡಿದ್ದು ಪೌಡರಾ, ನಡಿಗೆಯಾ, ಎಂಟು ಗಂಟೆಯಾ? ಮೂರನ್ನೂ ಒಟ್ಟಿಗೆ ಬದಲಾಯಿಸಿ ಒಂದಕ್ಕೆ ಮಾತ್ರ ದುಡ್ಡು ಕೊಡುತ್ತಿದ್ದೆ.

ಅವತ್ತು ಸಂಜೆ ಡಬ್ಬವನ್ನು ತಿರುಗಿಸಿ ಹಿಂಭಾಗ ಓದಿದೆ. ಮೂರು ತಿಂಗಳಲ್ಲಿ ಮೊದಲ ಸಲ! ಅಕ್ಷರ ಎಷ್ಟು ಸಣ್ಣವು ಅಂದರೆ, ಮೊಬೈಲಿನಲ್ಲಿ ಫೋಟೋ ತೆಗೆದು ಹಿಗ್ಗಿಸಬೇಕಾಯಿತು. ಎಲ್ಲ ಇಂಗ್ಲಿಷ್. ನಮ್ಮ ದೇಶದ ಲೇಬಲ್ ನಿಯಮದ ಪ್ರಕಾರ ಇಂಗ್ಲಿಷ್ ಅಥವಾ ಹಿಂದಿ ಇದ್ದರೆ ಸಾಕು, ಕನ್ನಡ ಹಾಕುವುದು ಅವರ ಇಷ್ಟ.

ಅದೇ ನಿಯಮದಲ್ಲಿ ಎರಡು ಒಳ್ಳೆಯ ಮಾತೂ ಇವೆ. ಡಬ್ಬದೊಳಗೆ ಯಾವುದು ಜಾಸ್ತಿ ಇದೆಯೋ ಅದನ್ನು ಮೊದಲು ಬರೆಯಬೇಕು, ಕಡಿಮೆ ಇದ್ದದ್ದು ಕೊನೆಗೆ. ಮತ್ತೆ, ಮುಂದೆ ಯಾವುದರ ಚಿತ್ರ ಹಾಕಿ ಜಂಬ ಕೊಚ್ಚುತ್ತಾರೋ ಅದು ಶೇಕಡಾ ಎಷ್ಟು ಅಂತ ಹಿಂದೆ ಹೇಳಬೇಕು. ನನ್ನ ಡಬ್ಬದಲ್ಲಿ ಮೊದಲು ಇದ್ದದ್ದು ಮಾಲ್ಟೋಡೆಕ್ಸ್‌ಟ್ರಿನ್. ಎರಡನೆಯದು ಸಕ್ಕರೆ. ಆಮೇಲೆ ಸೋಯಾ ಪ್ರೊಟೀನ್, ಹಾಲಿನ ಪುಡಿ. ಆಮೇಲೆ ಬಂತು ರಾಗಿ, 4%. ಒಂಬತ್ತೂ ಧಾನ್ಯ ಕೂಡಿಸಿದರೆ 14%.

25 ಗ್ರಾಮಿನಲ್ಲಿ 14% ಅಂದರೆ ಮೂರೂವರೆ ಗ್ರಾಂ. ಒಂಬತ್ತು ಧಾನ್ಯವೂ ಸೇರಿ ಹೆಚ್ಚುಕಡಿಮೆ ಒಂದು ಟೀ ಚಮಚೆ, ಅಷ್ಟೇ. ಸಕ್ಕರೆ ನೂರು ಗ್ರಾಮಿಗೆ 22. ಅಂದರೆ ನನ್ನ ಲೋಟಕ್ಕೆ ಐದೂವರೆ ಗ್ರಾಂ, ಒಂದು ಚಮಚೆಗಿಂತ ಒಂಚೂರು ಜಾಸ್ತಿ. ಟೀಗೆ ಸಕ್ಕರೆ ಬಿಟ್ಟು ಇಲ್ಲಿ ಕುಡಿಯುತ್ತಿದ್ದೆ. ಮಾಲ್ಟೋಡೆಕ್ಸ್‌ಟ್ರಿನ್ ಸಕ್ಕರೆ ಲೆಕ್ಕಕ್ಕೆ ಬರುವುದಿಲ್ಲ, ನಾಲಿಗೆಗೆ ಸಿಹಿಯೂ ಅಷ್ಟಿಲ್ಲ. ಆದರೆ ಅದು ಪಿಷ್ಟವನ್ನು ಒಡೆದು ಮಾಡಿದ ಪುಡಿ. ರಕ್ತದಲ್ಲಿ ಗ್ಲೂಕೋಸ್‌ನಷ್ಟೇ ಬೇಗ ಏರುತ್ತದೆ.

11 ಗ್ರಾಂ ಪ್ರೊಟೀನ್ ಕಥೆ ಇನ್ನೂ ಚೆಂದ. ಆ ಚಿನ್ನದ ಅಕ್ಷರದ ಪಕ್ಕ ಒಂದು ನಕ್ಷತ್ರ ಇತ್ತು. ನಕ್ಷತ್ರದ ಅರ್ಥ ಹಿಂದುಗಡೆ: 200 ಮಿ.ಲೀ. ಹಾಲಿನ ಜೊತೆ. ಪೌಡರ್‌ನಲ್ಲಿ ನೂರಕ್ಕೆ 20 ಗ್ರಾಂ ಪ್ರೊಟೀನ್, ಅಂದರೆ ನನ್ನ ಚಮಚೆಗೆ 5. ಉಳಿದ 6 ಗ್ರಾಂ ನಂದಿನಿ ಪ್ಯಾಕೆಟ್ಟಿನದು. ಹಾಲಿನವನಿಗೆ ಒಂದು ದಿನವೂ ಥ್ಯಾಂಕ್ಸ್ ಹೇಳಿರಲಿಲ್ಲ ನಾನು. ಇನ್ನು 5 ಗ್ರಾಂ ಪ್ರೊಟೀನ್ ಬೇಕಂದರೆ ಒಂದು ಹಿಡಿ ಪುಟಾಣಿ ಬಾಯಿಗೆ ಹಾಕಿಕೊಂಡರೂ ಆಗುತ್ತದೆ.

ಶೇಕಡಾವಾರು ಲೆಕ್ಕ ನಾನೇ ಪಾಠ ಮಾಡುವುದು. ಎಂಟನೇ ತರಗತಿಗೆ ಮರುದಿನ ಇದನ್ನೇ ಲೆಕ್ಕ ಕೊಟ್ಟೆ, ಡಬ್ಬದ ಹೆಸರು ಹೇಳದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಉತ್ತರ ತಂದು, "ಹಾಗಾದ್ರೆ ಮುಂದೆ ಅಷ್ಟು ದೊಡ್ಡ ರಾಗಿ ಯಾಕೆ ಹಾಕ್ಯಾರ ಮಿಸ್?" ಅಂತ ಕೇಳಿದ. ಅವನಿಗೆ ಮಾರ್ಕ್ಸ್ ಕೊಟ್ಟೆ, ಉತ್ತರ ಕೊಡಲಿಲ್ಲ.

ಇನ್ನೊಂದು ಲೆಕ್ಕವೂ ಕೈಕೊಟ್ಟಿತು. ಒಂದು ತಿಂಗಳ ಡಬ್ಬ ಅಂತ ಹೇಳಿದ್ದರು. 500ನ್ನು 25ರಿಂದ ಭಾಗಿಸಿದರೆ 20 ದಿನ. ಲೋಟಕ್ಕೆ 82 ರೂಪಾಯಿ ಐವತ್ತು ಪೈಸೆ, ಹಾಲು ಬಿಟ್ಟು. ಹೋಗಲಿ ಬಿಡಿ. ಆದರೆ ನಮ್ಮ ಮನೆಯಲ್ಲಿ ಡಬ್ಬ 20 ದಿನವೂ ಬರುತ್ತಿರಲಿಲ್ಲ. ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿದ್ದೆ. ಐದು ಡಬ್ಬಕ್ಕೆ 85 ದಿನ. ತಲಾ 17. ಅಂದರೆ ಪ್ರತಿ ಡಬ್ಬದಲ್ಲಿ 75 ಗ್ರಾಂ ಎಲ್ಲೋ ಹೋಗುತ್ತಿತ್ತು. ಮಗ ಆಗಷ್ಟೇ ಜಿಮ್ ಸೇರಿದ್ದ. ಕೇಳಿದೆ. "ಅಮ್ಮಾ, ನಾನು ಅದನ್ನ ಮುಟ್ಟಿಲ್ಲ" ಅಂದ. ನಂಬಲಿಲ್ಲ.

ನಿರ್ಧಾರಕ್ಕೆ ಮೊದಲು ಮೂರು ವಾರ ಪೌಡರ್ ನಿಲ್ಲಿಸಿ ನೋಡೋಣ ಅಂದುಕೊಂಡೆ. ನಡಿಗೆ ಹಾಗೇ ಇರಲಿ, ಎಂಟು ಗಂಟೆಯೂ ಹಾಗೇ ಇರಲಿ, ಲೋಟದಲ್ಲಿ ಇರುವುದು ಮಾತ್ರ ಬದಲಾಗಲಿ. ತಮ್ಮ ತನ್ನ ಹಳೇ ಸಕ್ಕರೆ ಮೀಟರ್ ಕೊಟ್ಟ. ರಕ್ತದ ಹನಿ ಹಾಕುವ ಪಟ್ಟಿಗಳನ್ನು ನಾನೇ ತಂದೆ. ತಿಂದು ಒಂದು ಗಂಟೆಗೆ ಬೆರಳು ಚುಚ್ಚಿ ನೋಡುವುದು, ಒಂದೊಂದನ್ನೂ ಮೂರು ಮೂರು ದಿನ. ಮನೆ ಮೀಟರ್‌ನಲ್ಲಿ ಹತ್ತು ಹದಿನೈದು ಅಂಕಿ ಆಚೆಈಚೆ ಆಗುವುದು ಸಹಜ. ಹಾಗಾಗಿ ಒಂದು ದಿನದ ಅಂಕಿಯನ್ನು ನಂಬಿ ಕುಣಿಯುವ ಹಾಗಿಲ್ಲ, ಅಳುವ ಹಾಗೂ ಇಲ್ಲ.

ಡಬ್ಬದ ತಳದಲ್ಲಿ ಉಳಿದಿದ್ದ ಪೌಡರ್‌ನಲ್ಲಿ ಮೊದಲು ಮೂರು ದಿನ ನೋಡಿದೆ. 174ರ ಆಸುಪಾಸು. ಆಮೇಲೆ ನವಣೆ ಉಪ್ಪಿಟ್ಟು, ಶೇಂಗಾ ಜಾಸ್ತಿ ಹಾಕಿ, ಒಂದು ಲೋಟ ಮಜ್ಜಿಗೆ ಜೊತೆ. 141. ಒಂದು ಭಾನುವಾರ ಬೆಣ್ಣೆ ದೋಸೆ ತಿಂದು ಕೂಡ ಚುಚ್ಚಿಕೊಂಡೆ. ಆ ಅಂಕಿ ಇಲ್ಲಿ ಬರೆಯುವುದಿಲ್ಲ. ಊರಿನ ಮರ್ಯಾದೆ ಪ್ರಶ್ನೆ.

ಇಲ್ಲಿಗೆ ಕಥೆ ಮುಗಿಯಿತು ಅಂದುಕೊಂಡೆ. ಮನೆಯದೇ ಒಳ್ಳೇದು, ಡಬ್ಬ ಕೆಟ್ಟದ್ದು, ಅಲ್ವಾ? ಹುರುಪಿನಲ್ಲಿ ಮಂಡಿಪೇಟೆಗೆ ಹೋಗಿ ರಾಗಿ, ಪುಟಾಣಿ, ಶೇಂಗಾ, ಹೆಸರುಕಾಳು ತಂದೆ. ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ ಹುರಿದೆ. ಕಾಳು ಹುರಿದೆ. ಎಲ್ಲಾ ಕಲಸಿ ಗಿರಣಿಗೆ ಒಯ್ದರೆ ಗಿರಣಿಯವರು ಚೀಲದೊಳಗೆ ಕೈ ಹಾಕಿ ನೋಡಿ, "ಶೇಂಗಾ ಹಾಕಿದ್ರೆ ಕಲ್ಲಿಗೆ ಎಣ್ಣೆ ಮೆತ್ತಿಕೊಳ್ತದೆ ಅಕ್ಕಾರೆ. ಆರಿಸಿ ತರ್ರಿ" ಅಂತ ವಾಪಸ್ ಕಳಿಸಿದರು. ಮನೆಯಲ್ಲಿ ಕೂತು ಶೇಂಗಾ ಆರಿಸಿದೆ. ಒಂದು ಸಂಜೆ ಅದಕ್ಕೇ ಹೋಯಿತು. ಅದನ್ನು ಆಮೇಲೆ ಮಿಕ್ಸಿಗೆ ಹಾಕಿ ಬೆರೆಸಿದೆ. ಕಿಲೋಗೆ ಇನ್ನೂರು ರೂಪಾಯಿಯೂ ಆಗಲಿಲ್ಲ.

ಅಂಬಲಿ ಮಾಡಿ ಕುಡಿದು ಬೆರಳು ಚುಚ್ಚಿದೆ. 165.

ಮತ್ತೆ ಮಾಡಿದೆ. 162. ಬೆಲ್ಲವನ್ನೂ ಹಾಕಿರಲಿಲ್ಲ! ಡಬ್ಬಕ್ಕಿಂತ ಹತ್ತು ಅಂಕಿ ಕಡಿಮೆ, ಮೀಟರಿನ ತಪ್ಪಿನಲ್ಲೇ ಮುಳುಗಿಹೋಗುವಷ್ಟು. ನಮ್ಮ ಶಾಲೆಯ ವಿಜ್ಞಾನದ ಮೇಡಂ ನಕ್ಕರು. ಮೊಳಕೆ ಬರುವಾಗ ಕಾಳಿನಲ್ಲಿ ಹುಟ್ಟುವ ಕಿಣ್ವ ಪಿಷ್ಟವನ್ನು ಒಡೆಯಲು ಶುರುಮಾಡುತ್ತದೆ. ಅದಕ್ಕೇ ಮೊಳಕೆ ರಾಗಿಯ ಗಂಜಿ ಗಂಟಾಗದೆ ತೆಳ್ಳಗೆ ಉಳಿಯುತ್ತದೆ, ಕೂಸುಗಳಿಗೆ ಸಲೀಸಾಗಿ ಅರಗುತ್ತದೆ. ಸಲೀಸಾಗಿ ಅರಗುವುದು ಕೂಸಿಗೆ ಒಳ್ಳೆಯದು. ನನ್ನಂಥವಳಿಗೆ ಅದೇ ತೊಂದರೆ. ನುಣ್ಣಗೆ ಬೀಸಿದ ಹಿಟ್ಟು, ಕುದಿಸಿದ ಗಂಜಿ, ಲೋಟದಲ್ಲಿ ಗಟಗಟ ಕುಡಿಯುವುದು, ಇದೆಲ್ಲ ಸಕ್ಕರೆಗೆ ಓಡೋ ದಾರಿ. ಅಗಿದು ತಿಂದ ಉಪ್ಪಿಟ್ಟು ನಿಧಾನಕ್ಕೆ ನಡೆಯುತ್ತದೆ. ಕಾರ್ಖಾನೆಯವರು ಯಂತ್ರದಲ್ಲಿ ಮಾಡಿದ್ದನ್ನು ನಾನು ಅರ್ಧ ದಾರಿವರೆಗೆ ಬಟ್ಟೆಗಂಟಿನಲ್ಲಿ ಮಾಡಿದ್ದೆ, ಅಷ್ಟೇ. ಪುಡಿ ಒಳ್ಳೆಯದೇ. ಅದರಲ್ಲಿ ರಾಗಿಯ ಸುಣ್ಣದಂಶ ನಿಜವಾಗಿ ಇದೆ, 4%ನ ರಾಗಿ ಅಲ್ಲ. ಆದರೆ ನಾನು ಹುಡುಕುತ್ತಿದ್ದ ಉತ್ತರ ಅದಲ್ಲ.

ಆ ಪುಡಿಯ ಕೊನೆಯನ್ನೂ ಹೇಳಿಬಿಡುತ್ತೇನೆ. ಎರಡು ಕಿಲೋ ಮಾಡಿಟ್ಟಿದ್ದೆ. ದಾವಣಗೆರೆ ಏಪ್ರಿಲ್ ಬಿಸಿಲು ನಿಮಗೆ ಗೊತ್ತಲ್ಲ. ಮೂರನೇ ವಾರಕ್ಕೆ ಶೇಂಗಾ ಎಣ್ಣೆ ಕಮಟು ಹಿಡಿಯಿತು. ಮುಚ್ಚಳ ತೆಗೆದರೆ ಮೂಗು ಮುಚ್ಚಬೇಕು. ಶೇಂಗಾ ಸೇರಿಸುವುದಾದರೆ ಹತ್ತು ದಿನಕ್ಕಾಗುವಷ್ಟೇ ಮಾಡಿ, ಫ್ರಿಜ್‌ನಲ್ಲಿ ಇಡಿ. ಒಂದು ಕಿಲೋ ಹಸುವಿಗೆ ಹೋಯಿತು.

ಡಬ್ಬದ ಪರವಾಗಿ ಒಂದು ಮಾತು ಹೇಳಲೇಬೇಕು. ಎಸ್ಸೆಸ್ಸೆಲ್ಸಿ ಪರೀಕ್ಷೆ ಡ್ಯೂಟಿ ಬಂದಾಗ ಎರಡು ದಿನ ಉಪ್ಪಿಟ್ಟು ಮಾಡಲು ಆಗಲಿಲ್ಲ. ಎರಡೂ ದಿನ ಖಾಲಿ ಹೊಟ್ಟೆಯಲ್ಲಿ ಹೋಗಿ, ಮಧ್ಯಾಹ್ನ ವಾಪಸ್ ಬರುವಾಗ ಮಿರ್ಚಿ ಗಾಡಿ ಮುಂದೆ ನಿಂತೆ. ಪೌಡರ್ ಇದ್ದಿದ್ದರೆ ಎರಡು ನಿಮಿಷದಲ್ಲಿ ಲೋಟ ತಯಾರು. ಆ ಎರಡು ನಿಮಿಷಕ್ಕೆ ಬೆಲೆ ಇದೆ. ಎಲ್ಲರ ಮನೆಯಲ್ಲೂ ಬೆಳಿಗ್ಗೆ ನವಣೆ ಬೇಯಿಸುವ ಕೈ ಖಾಲಿ ಇರುವುದಿಲ್ಲ. ಈಗ ಅಂಥ ದಿನಕ್ಕೆ ಅಂತ ಒಂದು ಡಬ್ಬಿಯಲ್ಲಿ ಪುಟಾಣಿ, ಹುರಿದ ಶೇಂಗಾ ಇಟ್ಟಿದ್ದೇನೆ. ಎರಡು ಹಿಡಿ, ಒಂದು ಲೋಟ ಹಾಲು. ಚಿನ್ನದ ಅಕ್ಷರ ಇಲ್ಲ, ಆದರೆ ಪ್ರೊಟೀನ್ ಅದಕ್ಕಿಂತ ಜಾಸ್ತಿಯೇ ಇದೆ.

ಮೂರು ವಾರ ಮುಗಿದಾಗ ತೂಕ 66 ಇದ್ದದ್ದು 66ಕ್ಕೇ ನಿಂತಿತ್ತು. ಕೊನೆಯ ಪೀರಿಯಡ್‌ನಲ್ಲೂ ನಿಂತೇ ಪಾಠ ಮಾಡುತ್ತಿದ್ದೆ. ಅಲ್ಲಿಗೆ ನನ್ನ ಮಟ್ಟಿಗೆ ಉತ್ತರ ಸಿಕ್ಕಿತು. ನಾನು ದುಡ್ಡು ಕೊಟ್ಟು ಕೊಂಡಿದ್ದು ಎಂಟು ಗಂಟೆಯನ್ನು.

ಹೇಳುವುದು ಹೇಗೆ ಅನ್ನೋದು ಬೇರೆ ಸಮಸ್ಯೆ. ಡಬ್ಬದಕ್ಕನಿಗೆ ತಿಂಗಳ ಕೊನೆಗೆ ಮಾರಾಟದ ಇಷ್ಟು ಪಾಯಿಂಟ್ ಆಗಬೇಕು ಅಂತ ಇರುತ್ತದೆ. ಡಬ್ಬಗಳನ್ನು ಮೊದಲೇ ದುಡ್ಡು ಕಟ್ಟಿ ತಂದಿಟ್ಟುಕೊಂಡಿರುತ್ತಾರೆ. ಜನರನ್ನು ಸೇರಿಸಿದ್ದಕ್ಕೇ ದುಡ್ಡು ಕೊಡುವ ಪಿರಮಿಡ್ ಪದ್ಧತಿಗೆ 2021ರ ನೇರ ಮಾರಾಟದ ನಿಯಮಗಳಲ್ಲಿ ನಿಷೇಧ ಇದೆ. ಡಬ್ಬ ಮಾರಿ ಲಾಭ ತಗೊಳ್ಳುವುದಕ್ಕೆ ನಿಷೇಧ ಇಲ್ಲ. ನೀವೂ ಮಾರೋಕೆ ಸೇರಿ ಅಂತ ಅವರು ನನ್ನನ್ನು ಒಂದೇ ಸಲ ಕೇಳಿದ್ದರು, ಒಲ್ಲೆ ಅಂದ ಮೇಲೆ ಮತ್ತೆ ಎತ್ತಲಿಲ್ಲ. ಮೂರು ತಿಂಗಳು ವಾರಕ್ಕೊಮ್ಮೆ ಫೋನ್ ಮಾಡಿ, "ವಾಕಿಂಗ್ ಹೋದ್ರಾ ಟೀಚರ್?" ಅಂತ ಕೇಳಿದವರೂ ಅವರೇ. ಆ ಫೋನಿಗೆ ಹೆದರಿ ಎಷ್ಟೋ ದಿನ ಎದ್ದಿದ್ದೇನೆ. ನಿಜವಾಗಿ ಸಂಬಳ ಕೊಡಬೇಕಿದ್ದದ್ದು ಆ ಫೋನಿಗೆ.

ಅಷ್ಟರಲ್ಲಿ ಒಂದು ಮಧ್ಯಾಹ್ನ ಅತ್ತೆ ಕೇಳಿದರು. "ಆ ಏಲಕ್ಕಿ ಪುಡಿ ಖಾಲಿ ಆತೇನು? ಮತ್ತ ತರಲಿಲ್ಲ?"

75 ಗ್ರಾಂ ಎಲ್ಲಿ ಹೋಗುತ್ತಿತ್ತು ಅಂತ ಆಗ ತಿಳಿಯಿತು. ಅತ್ತೆಗೆ 79. ಹಲ್ಲಿಲ್ಲ. ಮಧ್ಯಾಹ್ನ ನಾವ್ಯಾರೂ ಇಲ್ಲದಾಗ ಒಂದು ಚಮಚೆ ಪುಡಿ ಅಂಗೈಗೆ ಹಾಕಿಕೊಂಡು, ಬಾಳೆಹಣ್ಣಿನ ಜೊತೆ ಮೆಲ್ಲುತ್ತಿದ್ದರಂತೆ. ಮಗನ ಹತ್ತಿರ ಕ್ಷಮೆ ಕೇಳಬೇಕಾಯಿತು. ಅವನು ಅದಕ್ಕೆ ಒಂದು ಜೊತೆ ಶೂ ವಸೂಲಿ ಮಾಡಿದ.

ಅತ್ತೆಯ ತೂಕ 41 ಕಿಲೋ. ಹಿಂದಿನ ವರ್ಷಕ್ಕಿಂತ ಮೂರು ಕಿಲೋ ಇಳಿದಿತ್ತು. ಅರ್ಧ ಮುದ್ದೆಗೆ ಸಾಕು ಅನ್ನುತ್ತಾರೆ. ನನ್ನ ಕಮಟು ಹಿಡಿಯುವ ಮೊದಲಿನ ಪುಡಿಯಲ್ಲಿ ಗಂಜಿ ಮಾಡಿಕೊಟ್ಟರೆ, "ಇದು ಕೂಸಿನ ಗಂಜಿ" ಅಂತ ಪಕ್ಕಕ್ಕಿಟ್ಟರು. ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ, ಖಾಲಿ ಡಬ್ಬವನ್ನೂ ಒಯ್ದೆ. ರಕ್ತ ಪರೀಕ್ಷೆ ಆಯಿತು. ಸಕ್ಕರೆ ಇಲ್ಲ, ಕಿಡ್ನಿ ಸರಿ ಇದೆ. ಡಾಕ್ಟರು ಡಬ್ಬ ತಿರುಗಿಸಿ ಓದಿ, "ನಿಮಗೆ ಬೇಡ ಅನ್ನಿಸಿದ್ದೇ ಇವರಿಗೆ ಬೇಕಾಗಿರೋದು" ಅಂದರು. ಬೇಗ ಅರಗಬೇಕು, ರುಚಿ ಇರಬೇಕು, ಸ್ವಲ್ಪದರಲ್ಲಿ ಜಾಸ್ತಿ ಶಕ್ತಿ ಸಿಗಬೇಕು. ಹಾಲಿಗೆ ಹಾಕಿ ಕೊಡಿ, ಆದರೆ ಊಟದ ಬದಲಿಗೆ ಅಲ್ಲ, ಊಟದ ಜೊತೆಗೆ. ಎರಡು ತಿಂಗಳ ಮೇಲೆ ತೂಕ ನೋಡೋಣ.

ಏಪ್ರಿಲ್ ಮೂರನೇ ವಾರ ನಾನೇ ಡಬ್ಬದಕ್ಕನ ಮನೆಗೆ ಹೋದೆ. ಮಜ್ಜಿಗೆ ಕೊಟ್ಟರು. ಮೊಬೈಲಿನಲ್ಲಿ ಲೇಬಲ್ಲಿನ ಫೋಟೋ ತೋರಿಸಿ ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿದೆ. ಜಗಳಕ್ಕೆ ತಯಾರಾಗಿ ಹೋಗಿದ್ದೆ. ಅವರು ಸುಮ್ನೆ ಕೇಳಿಸಿಕೊಂಡರು.

"ನಂಗೆ ಇಂಗ್ಲಿಷ್ ಬರಲ್ಲ ಟೀಚರ್. ಮೀಟಿಂಗ್‌ನಾಗೆ ಹೇಳಿದ್ದನ್ನ ನಿಮಗೆ ಹೇಳ್ದೆ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ನಮ್ಮನೆಯವರಿಗೆ ಶುಗರ್ ಐತಿ. ಅವರೂ ಕುಡೀತಾರೆ" ಅಂದರು.

ನಾನು ಡಾಕ್ಟರ್ ಅಲ್ಲ, ಡಬ್ಬ ಒಯ್ದು ಡಾಕ್ಟರಿಗೇ ತೋರಿಸಿ ಅಂದೆ. ಆಮೇಲೆ, ಒಂದು ಡಬ್ಬ ಕೊಡಿ, ಅತ್ತೆಗೆ, ಅಂದೆ. ಬಿಲ್ಲೂ ಬೇಕು. ಹಿಂದಿನ ಐದಕ್ಕೂ ಬಿಲ್ ಇರಲಿಲ್ಲ, ನಾನೂ ಕೇಳಿರಲಿಲ್ಲ. ಅವರು ಪುಸ್ತಕದಲ್ಲಿ ನನ್ನ ಹೆಸರು ಹೊಡೆದು "ಅಜ್ಜಿ, 1" ಅಂತ ಬರೆದುಕೊಂಡರು. ಕಪಾಟಿನಿಂದ ಡಬ್ಬ ತೆಗೆದು, ಮೊದಲು ನನ್ನ ಕೈಗೆ ಕೊಟ್ಟು, ಅವಧಿ ಮುಗಿಯೋ ದಿನ ಎಲ್ಲಿ ಬರೆದಿರ್ತಾರೆ ತೋರಿಸ್ರಿ ಅಂದರು. ತೋರಿಸಿದೆ. ಉಳಿದ ಡಬ್ಬಗಳನ್ನೂ ಇಳಿಸಿ ಒಂದೊಂದಾಗಿ ನೋಡಿದರು.

ಹೋದ ಭಾನುವಾರ ಅಡುಗೆಮನೆ ತಕ್ಕಡಿಯಲ್ಲಿ ಡಬ್ಬದ ಪುಡಿ ತೂಗಿದೆ. ಅತ್ತೆಗೆ ದಿನಕ್ಕೊಂದು ಚಮಚೆಯಂತೆ ಹನ್ನೆರಡು ದಿನ ಆಗಿತ್ತು. 200 ಗ್ರಾಂ ಉಳಿದಿರಬೇಕಿತ್ತು. 160 ಇತ್ತು. ಅತ್ತೆಯನ್ನು ಕೇಳಿದೆ. ಅವರು ಹೊರಗೆ ಚಪ್ಪಲಿ ಬಿಡುವ ಜಾಗದ ಕಡೆ ಕೈ ತೋರಿಸಿದರು. ಹೊಸ ಶೂ ಅಲ್ಲಿರಲಿಲ್ಲ. ಮಗ ಜಿಮ್‌ಗೆ ಹೋಗಿದ್ದ.